ಬಿಸಿಲ ಪಂದ್ಯದಲ್ಲಿ ಗೆದ್ದ ಅಳಿಯ

ಇಷ್ಟಕ್ಕೆಲ್ಲ ಕಾರಣ ಒಂದು ತಿರುಪು. ಸಾಸಿವೆ ಕಾಳನ್ನು ನಾಲ್ಕು ಹೋಳು ಮಾಡಿದರೆ ಅದರಲ್ಲೊಂದು ಹೋಳು ಎಷ್ಟಿರುತ್ತದೋ ಅಷ್ಟೇ ಗಾತ್ರದ್ದು. ಸೋಮವಾರ ಸಂಜೆ ಐದು ಗಂಟೆಗೆ ಅದು ಗಡಿಯಾರ ರಿಪೇರಿಯವನ ಚಿಮುಟದ ತುದಿಯಲ್ಲಿತ್ತು. ಐದೂ ಒಂದಕ್ಕೆ ಕರೆಂಟ್ ಹೋಯಿತು. ಐದೂ ಎರಡಕ್ಕೆ ಆ ತಿರುಪು ಏಳು ಸಮುದ್ರದಾಚೆಗಿನ ಗಿಳಿಯೊಳಗಿದ್ದ ರಾಕ್ಷಸನ ಪ್ರಾಣಕ್ಕಿಂತ ದೂರ ಹೋಗಿಬಿಟ್ಟಿತ್ತು. ಎಂಟು ಗಂಟೆಗೆ ಕರೆಂಟ್ ಬರುವವರೆಗೂ ಅವನು ಮಂಡಿಯೂರಿ ನೆಲ ಸವರುತ್ತಿದ್ದ.

ಬೀದಿಯವರು ಅವನನ್ನು ಕರೆಯುತ್ತಿದ್ದದ್ದು 'ಸೆಕೆಂಡು' ಎಂದು. ಯಾರು ಏನು ಕೇಳಿದರೂ ಭೂತಗನ್ನಡಿಯಿಂದ ಕಣ್ಣು ತೆಗೆಯದೆ "ಒಂದ್ಸೆಕೆಂಡು" ಎಂದು, ಆಮೇಲೆ ಅರ್ಧ ಗಂಟೆ ಬಿಟ್ಟು ತಲೆಯೆತ್ತುವುದು ಅವನ ಪದ್ಧತಿ. ಅವನ ಅಂಗಡಿ ಮೂರು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ನಡುಮಧ್ಯಾಹ್ನವೂ ಅಲ್ಲಿ ದೀಪ ಬೇಕು. ಕೆಲಸ ಮುಗಿಸಿದ ಜನ ಗಡಿಯಾರ ಹಿಡಿದು ಬರುತ್ತಿದ್ದದ್ದು ಐದರ ಮೇಲೆ. ಕರೆಂಟ್ ಹೋಗುತ್ತಿದ್ದದ್ದೂ ಆಗಲೇ. ಒಮ್ಮೆ ಮೇಣದಬತ್ತಿಯ ಬೆಳಕಿನಲ್ಲಿ ಅವನು ದೊಡ್ಡ ಮುಳ್ಳು ಚಿಕ್ಕ ಮುಳ್ಳನ್ನು ಅದಲುಬದಲು ಕೂರಿಸಿದ್ದರಿಂದ, ಬ್ಯಾಂಕಿನ ಮ್ಯಾನೇಜರು ಹನ್ನೆರಡೂಕಾಲನ್ನು ಮೂರು ಗಂಟೆಯೆಂದು ತಿಳಿದು ಬ್ಯಾಂಕಿಗೆ ಬೀಗ ಹಾಕಿಸಿದ್ದರು. ಇನ್ನೂ ನಾಲ್ಕು ತಿಂಗಳು ಹೀಗೇ ಆದರೆ ಬೀಗ ಬೀಳುವುದು ತನ್ನ ಅಂಗಡಿಗೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಬೀದಿಯಾದ ಮೇಲ್ಬೀದಿಯವರು ಸಂಜೆಯ ಬೆಳಕಿಗಾಗಿ ಹನ್ನೊಂದು ವರ್ಷ ರಾಜಧಾನಿಗೆ ಅರ್ಜಿ ಬರೆದಿದ್ದರು. 'ಪರಿಶೀಲನೆಯಲ್ಲಿದೆ' ಎಂಬ ಉತ್ತರಗಳನ್ನು ಜೋಡಿಸಿದರೆ ಒಂದು ದಿಂಬಾಗುತ್ತಿತ್ತು. ಅಷ್ಟರಲ್ಲಿ ಬಂದವಳು ಏಣಿ ಮೇಡಂ. ವಯಸ್ಸು ಇಪ್ಪತ್ತಾರು, ಎರಡು ಏಣಿ, ಒಂದು ಹಳೇ ಮೂರು ಚಕ್ರದ ಗಾಡಿ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು. ಇಷ್ಟೇ ಅವಳ ಕಂಪನಿ. "ರಾಜಧಾನಿಯಿಂದ ಬೆಳಕು ಬರೋಕೆ ಬಹಳ ದೂರ ಆಗುತ್ತೆ ಸಾರ್. ಸೂರ್ಯ ನಿಮ್ಮ ತಾರಸಿ ಮೇಲೇ ಕೂತಿದ್ದಾನಲ್ಲ, ಅವನನ್ನ ಕೇಳೋಣ" ಎಂದಳು. ಮೂರು ತಿಂಗಳಲ್ಲಿ ಮೇಲ್ಬೀದಿಯಲ್ಲಿ ಸೆಕೆಂಡಿನ ಅಂಗಡಿಯಿದ್ದ ಕಟ್ಟಡದ ತಾರಸಿಯ ಮೇಲೆ ಹನ್ನೆರಡು ಸೋಲಾರ್ ಹಲಗೆ, ರಸ್ತೆಯಾಚೆ ಕೆಳಬೀದಿಯ ಹಿಟ್ಟಿನ ಗೋದಾಮಿನ ಮೇಲೆ ಹನ್ನೆರಡು ಹಲಗೆ, ನೀಲಿ ಕೊಳಗಳಂತೆ ಹೊಳೆಯತೊಡಗಿದವು. ಹಗಲಿಗೆ ಚಿಂತೆಯಿಲ್ಲದಂತಾಯಿತು. ಹಗಲಿನದನ್ನು ಸಂಜೆಗೆ ಕೂಡಿಡಲು ಬ್ಯಾಟರಿ ಬೇಕಿತ್ತು. ಅದು ಮೇಡಂ ಬಳಿ ಇದ್ದದ್ದು ಒಂದೇ ಒಂದು.

"ಇನ್ನೊಂದು ಬರೋಕೆ ಆರು ತಿಂಗಳು" ಎಂದಳು ಮೇಡಂ, ತಿರುಪು ಕಳೆದ ಮರುದಿನ ಬೀದಿಯ ಸಭೆಯಲ್ಲಿ. "ಶನಿವಾರ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಯಾವ ಬೀದಿ ಹೆಚ್ಚು ಯೂನಿಟ್ ತೆಗೆಯುತ್ತೋ, ಬ್ಯಾಟರಿ ಆ ಬೀದಿಗೆ. ಆ ಬೀದಿಯ ಪ್ರತಿ ಮನೆಗೂ, ಪ್ರತಿ ಅಂಗಡಿಗೂ ಸಂಜೆ ದೀಪ."

"ತಾರಸಿ ಜವಾಬ್ದಾರಿ ನಂದು!" ಎಂದು ಸಭೆಯಲ್ಲಿ ಎದ್ದು ಕೂಗಿದವನು ಸೆಕೆಂಡು. ಅವನು ಒಂದು ಸೆಕೆಂಡೂ ಕಾಯದೆ ಮಾತಾಡಿದ್ದನ್ನು ಬೀದಿಯವರು ಅದೇ ಮೊದಲು ನೋಡಿದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಳಬೀದಿಯ ತಂಡದ ನಾಯಕ ಯಾರೆಂದು ಆಮೇಲೆ ತಿಳಿಯಿತು: ಸೆಕೆಂಡಿನ ಸ್ವಂತ ಮಾವ.

ಮಾವನದು ಕೊಡೆ ರಿಪೇರಿ ಅಂಗಡಿ. ಮೀಸೆ ಅರ್ಧ ಬಿಚ್ಚಿದ ಕೊಡೆಯಂತೆ ಎರಡೂ ಕಡೆ ಇಳಿಬಿದ್ದಿತ್ತು. ಮಗಳನ್ನು ರಸ್ತೆಯಾಚೆ ಕೊಟ್ಟ ದಿನದಿಂದ ಅಳಿಯನನ್ನು 'ಅಳಿಯಂದಿರು' ಎಂದು ಬಹುವಚನದಲ್ಲೇ ಕರೆಯುತ್ತಿದ್ದ. ಆ ಬಹುವಚನದಲ್ಲಿ ಮರ್ಯಾದೆ ಎಷ್ಟು, ಕೀಟಲೆ ಎಷ್ಟು ಎಂದು ತೂಗಿ ನೋಡಿದವರಿಲ್ಲ.

ಶನಿವಾರ ಬೆಳಿಗ್ಗೆ ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಎರಡು ಬೀದಿ ಸೇರುವಲ್ಲಿ ಏಣಿ ಮೇಡಂ ಕಪ್ಪುಹಲಗೆ ನಿಲ್ಲಿಸಿ, ಗಂಟೆಗೊಮ್ಮೆ ಫೋನು ನೋಡಿ ಅಂಕಿ ಬರೆಯುತ್ತಿದ್ದಳು. ಹತ್ತು ಗಂಟೆಗೆ ಮೇಲ್ಬೀದಿ ಮೂರು ಪಾಯಿಂಟ್ ಒಂದು, ಕೆಳಬೀದಿ ಮೂರು. ಮೇಲ್ಬೀದಿಯ ತಾರಸಿಯಿಂದ ಎದ್ದ ಕೂಗಿಗೆ ನಾಲ್ಕು ಬೀದಿಯಾಚೆಯ ನಾಯಿಗಳು ಉತ್ತರ ಕೊಟ್ಟವು.

ಆಗಲೇ ರಸ್ತೆ ದಾಟಿ ಒಂದು ತಳ್ಳುಗಾಡಿ ಬಂತು. ಅದರ ತುಂಬ ಕೊಡೆಗಳು. ಜೊತೆಗೊಂದು ಚೀಟಿ: 'ಬಿಸಿಲಲ್ಲಿ ಅಳಿಯಂದಿರೂ ಅವರ ಬೀದಿಯವರೂ ಒಣಗಬಾರದು. ಪಂದ್ಯ ಬೇರೆ, ಸಂಬಂಧ ಬೇರೆ. ಇಂತಿ ಮಾವ.'

"ನೋಡಿದ್ರೇನ್ರೀ, ನಮ್ಮಪ್ಪನ ಮನಸ್ಸು ಹೇಗಿದೆ ಅಂತ!" ಎಂದು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೀದಿ ಸಮಿತಿಯ ಅಧ್ಯಕ್ಷರಾದ ಹೆಡ್‌ಮಾಸ್ಟ್ರು ಚೀಟಿಯನ್ನು ಎಲ್ಲರಿಗೂ ಗಟ್ಟಿಯಾಗಿ ಓದಿದರು. ನೌಕರಿ ಬಿಟ್ಟು ಹತ್ತು ವರ್ಷವಾದರೂ ಅವರು ಎಲ್ಲರನ್ನೂ ಸಾಲಾಗಿಯೇ ನಿಲ್ಲಿಸುತ್ತಿದ್ದರು. ಮೂವತ್ತು ಜನ ಮೂವತ್ತು ಕೊಡೆ ಬಿಚ್ಚಿ ಹಲಗೆಗಳ ಸುತ್ತ ಸಾಲಾಗಿ ನಿಂತರು. ಬೇಕರಿ ಅಕ್ಕ ಬಿಸ್ಕತ್ತು ಹಂಚಿದಳು. ತಾರಸಿಯ ಮೇಲೆ ತಂಪು ತುಂಬಿತು.

ಹನ್ನೊಂದು ಗಂಟೆಗೆ ಕಪ್ಪುಹಲಗೆಯ ಮೇಲೆ ಮೇಲ್ಬೀದಿ ನಾಲ್ಕು, ಕೆಳಬೀದಿ ಐದೂವರೆ.

"ಇದೇನಪ್ಪಾ ಸೆಕೆಂಡು? ಸೂರ್ಯ ಅವರ ಕಡೆ ಸೇರಿಕೊಂಡುಬಿಟ್ಟನಾ?" ಎಂದರು ಹೆಡ್‌ಮಾಸ್ಟ್ರು.

"ಒಂದ್ಸೆಕೆಂಡು" ಎಂದು ಸೆಕೆಂಡು ಭೂತಗನ್ನಡಿ ಕಣ್ಣಿಗೇರಿಸಿ ಹಲಗೆಯೊಂದರ ಮೇಲೆ ಬಗ್ಗಿದ. ತಂತಿ ನೋಡಿದ, ಗಾಜು ನೋಡಿದ, ಮೂಲೆಯ ನಟ್ಟು ನೋಡಿದ. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಬೇಕರಿ ಅಕ್ಕ, "ಆಹಾ, ಎಂಥಾ ನೆರಳು! ಹಲಗೆಗಳಿಗೂ ತಂಪಾಗಿರಬೇಕು ಪಾಪ" ಎಂದಳು.

ಎಲ್ಲರೂ ಒಟ್ಟಿಗೆ ಕೆಳಗೆ ನೋಡಿದರು. ನೀಲಿ ಕೊಳದ ಮೇಲೆ ಮೂವತ್ತು ತಾವರೆ ಎಲೆ ತೇಲಿದಂತೆ, ಹನ್ನೆರಡು ಹಲಗೆಗಳ ಮೇಲೂ ದುಂಡು ದುಂಡು ನೆರಳು.

ರಸ್ತೆಯಾಚೆಯ ಗೋದಾಮಿನ ಮೇಲಿಂದ, ಕಾಗದದ ತುತ್ತೂರಿಯಲ್ಲಿ ಮಾವನ ದನಿ ಬಂತು: "ಅಳಿಯಂದಿರೇ! ನೆರಳು ಹೇಗಿದೆ?"

ಹೆಂಡತಿಯ ಕಣ್ಣೀರು ಬಂದಷ್ಟೇ ಬೇಗ ಆವಿಯಾಯಿತು. "ಇದೇ ಬುದ್ಧಿ ಅವರದು! ಚಿಕ್ಕೋಳಿದ್ದಾಗ ನಂಗೆ ಐಸ್‌ಕ್ರೀಂ ಕೊಡಿಸಿ ಅರ್ಧ ತಾವೇ ತಿಂತಿದ್ರು" ಎಂದು ತನ್ನ ಕೊಡೆಯನ್ನು ಪಟ್ಟೆಂದು ಮಡಚಿದಳು.

ಹನ್ನೆರಡಕ್ಕೆ ಅಂಚೆಯವನು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದ. ರಾಜಧಾನಿಯ ಮೊಹರಿದ್ದ ದಪ್ಪ ಲಕೋಟೆ. ಹೆಡ್‌ಮಾಸ್ಟ್ರು ಒಡೆದು ಓದಿದರು: "'ಎಂಟು ವರ್ಷದ ಹಿಂದಿನ ತಮ್ಮ ಅರ್ಜಿ ತಲುಪಿರುತ್ತದೆ. ತಮ್ಮ ಬೀದಿಯಲ್ಲಿ ಬಿಸಿಲು ಬೀಳುತ್ತದೆಂಬುದಕ್ಕೆ ದೃಢೀಕರಣ ಪತ್ರವನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು.'"

ತಾರಸಿಯ ಮೇಲೆ ಎಲ್ಲರ ಹಣೆಯಿಂದ ಬೆವರು ಹನಿಯುತ್ತಿತ್ತು.

"ಕಾಗದ ದಪ್ಪ ಇದೆಯಾ ಸಾರ್?" ಎಂದ ಸಲೂನಿನವನು.

"ಇದೆ."

"ಕೊಡಿ ಇಲ್ಲಿ." ಐದನೇ ಹಲಗೆಯ ಮೇಲೆ ಪಾರಿವಾಳವೊಂದು ಬೆಳಿಗ್ಗೆ ಬಿಟ್ಟುಹೋಗಿದ್ದ ಗುರುತನ್ನು ಅವನು ಆ ಲಕೋಟೆಯಿಂದ ಕೆರೆದು, ಒರೆಸಿ, ಫಳಫಳ ಮಾಡಿದ. ಅಂಕಿ ಕೂಡಲೇ ಚೂರು ಏರಿತು. ಹನ್ನೊಂದು ವರ್ಷದಲ್ಲಿ ಮೇಲ್ಬೀದಿಯ ಬೆಳಕಿಗೆ ರಾಜಧಾನಿಯಿಂದ ಸಿಕ್ಕ ಮೊದಲ ನೆರವು ಅದು.

ಆ ಫಳಫಳವೇ ಸಲೂನಿನವನ ತಲೆಯಲ್ಲಿ ಮಿಂಚಿತು. "ಸೆಕೆಂಡಣ್ಣಾ! ನಮಗೆ ಬೀಳೋ ಬಿಸಿಲು ಸಾಲದು ಅಂದ್ರೆ ಇನ್ನಷ್ಟು ಬಿಸಿಲು ತರ್ಸೋಣ. ನನ್ನ ಅಂಗಡೀಲಿ ಆರು ಕನ್ನಡಿ ಇದೆ!"

ಆಮೇಲೆ ಆದದ್ದು ಕನ್ನಡಿಗಳ ಮೆರವಣಿಗೆ. ಸಲೂನಿನ ಆರು, ಬೇಕರಿಯ ಎರಡು, ಮನೆಮನೆಯ ಕೈಗನ್ನಡಿ, ಗೋಡೆಗನ್ನಡಿ. ಕೊನೆಗೆ ಸೆಕೆಂಡಿನ ಹೆಂಡತಿಯ ಬೀರು, ಬಾಗಿಲಿನ ತುಂಬ ಕನ್ನಡಿ ಇದ್ದದ್ದು. ಅದನ್ನು ಮೆಟ್ಟಿಲಲ್ಲಿ ಹತ್ತಿಸುವಾಗ ಒಳಗಿದ್ದ ಬಟ್ಟೆಗಳೆಲ್ಲ ಜಾರಿ, ಮೂರನೇ ಮಹಡಿಯಿಂದ ತಾರಸಿಗೆ ರಾಣಿ ನಡೆದುಬರುವ ಹಾದಿಯಂತೆ ಬಣ್ಣದ ಹಾಸು ಬಿತ್ತು. ಸಲೂನಿನಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಗಿರಾಕಿ ತನ್ನ ಕನ್ನಡಿಯನ್ನು ಹಿಂಬಾಲಿಸಿಕೊಂಡು ತಾರಸಿಗೇ ಬಂದುಬಿಟ್ಟ. "ಇನ್ನರ್ಧ?" ಎಂದ. "ಐದು ಗಂಟೆ ಮೇಲೆ" ಎಂದ ಸಲೂನಿನವನು. "ಮೊದಲು ಬೀದಿ, ಆಮೇಲೆ ಕೆನ್ನೆ."

ಬೀರುವಿನ ದೊಡ್ಡ ಕನ್ನಡಿಯನ್ನು ತಿರುಗಿಸುವ ಕೆಲಸ ಸೆಕೆಂಡಿಗೆ ಬಂತು. ಸೂಕ್ಷ್ಮ ಕೆಲಸದಲ್ಲಿ ಕೈ ಪಳಗಿದವನಲ್ಲವೇ! ಅವನು ಬಾಗಿಲನ್ನು ಕೂದಲೆಳೆಯಷ್ಟು ಈಚೆ, ಕೂದಲೆಳೆಯಷ್ಟು ಆಚೆ ಸರಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಲ್ಲಿಸಿದ. ಬೀರುವಿನ ಹಿಂದೆ ನಿಂತವನಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಕೂಗು ಮಾತ್ರ ಕೇಳುತ್ತಿತ್ತು, ಭಾರೀ ಸಂಭ್ರಮದ ಕೂಗು. ನಮ್ಮವರೇ ಎಂದುಕೊಂಡು ಒಂದು ಗಂಟೆ ಅಲುಗಾಡದೆ ಹಿಡಿದ.

ಎರಡು ಗಂಟೆಗೆ ಅಂಕಿ ಬಂತು. ಮೇಲ್ಬೀದಿ ಹನ್ನೆರಡು, ಕೆಳಬೀದಿ ಹದಿನಾಲ್ಕು.

"ಅಳಿಯಂದಿರೇ! ಬೆಳಕು ಚೆನ್ನಾಗಿ ಬರ್ತಿದೆ! ಸ್ವಲ್ಪ ಎಡಕ್ಕೆ!" ಎಂದಿತು ತುತ್ತೂರಿ.

ಹೆಡ್‌ಮಾಸ್ಟ್ರು ಬೀರುವಿನ ಮುಂದೆ ಬಂದು ನೋಡಿದರು. ಕನ್ನಡಿಯಿಂದ ಹೊರಟ ಬಿಸಿಲ ಪಟ್ಟಿ ರಸ್ತೆ ದಾಟಿ, ನೇರವಾಗಿ ಹಿಟ್ಟಿನ ಗೋದಾಮಿನ ಹಲಗೆಗಳ ಮೇಲೆ, ಅಳತೆ ತೆಗೆದು ಹೊಲಿಸಿದಂತೆ ಬಿದ್ದಿತ್ತು.

"ಸೆಕೆಂಡು! ಮಾವನ ಮನೆಗೆ ಬಿಸಿಲು ಕಳಿಸ್ತಿದ್ದೀಯೇನಯ್ಯಾ!"

"ನನಗೆ ಮೊದಲೇ ಅನುಮಾನ ಇತ್ತು" ಎಂದಳು ಬೇಕರಿ ಅಕ್ಕ, ಆವರೆಗೆ ಯಾವ ಅನುಮಾನವೂ ಇಲ್ಲದವಳು. "ಬೆಳಿಗ್ಗೆ ಕೊಡೆ ಬಂದಿದ್ದೂ ಇವರ ಹೆಸರಿಗೇ."

"ಒಂದ್ಸೆಕೆಂಡು, ನನ್ನ ಮಾತು ಕೇಳಿ..."

"ನಿಮ್ಮ ಒಂದು ಸೆಕೆಂಡಿಗೆ ನಮ್ಮ ಎರಡು ಯೂನಿಟ್ ಹೋಯ್ತಲ್ಲ ಅಣ್ಣಾ!" ಎಂದ ಅರ್ಧ ಗಡ್ಡದವನು. ಅವನು ಈ ಬೀದಿಯವನೂ ಆಗಿರಲಿಲ್ಲ.

ಸೆಕೆಂಡಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಐದರ ನಂತರದ ಕತ್ತಲು, ಕತ್ತಲಲ್ಲಿ ಬಾಗಿಲಿಗೇ ಬಂದು ಹಿಂದೆ ಹೋಗುವ ಗಿರಾಕಿಗಳು, ಎಲ್ಲ ಕಣ್ಣೆದುರು ಸುಳಿಯಿತು. ಆಗ ಅವನನ್ನು ಉಳಿಸಿದವಳು ಹೆಂಡತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬೈದು ಮುಗೀತಾ? ಹಲಗೆ ಮುಟ್ಟಿ ನೋಡಿ, ದೋಸೆಕಲ್ಲಾಗಿದೆ. ಕಾದ್ರೆ ಇವು ಕೆಲಸ ಕಮ್ಮಿ ಮಾಡ್ತವೆ ಅಂತ ಮೇಡಂ ಅವತ್ತೇ ಹೇಳಿದ್ರು, ಯಾರಾದ್ರೂ ಕೇಳಿಸ್ಕೊಂಡ್ರಾ? ಕನ್ನಡಿ ಆಚೆ ಇಡಿ. ಬಕೆಟ್ ತನ್ನಿ!" ಎಂದಳು.

ಬಕೆಟ್‌ಗಳ ಸಾಲು ಕೆಳಗಿನ ನಲ್ಲಿಯಿಂದ ತಾರಸಿಯವರೆಗೆ ನಿಂತಿತು. ಒಂದೊಂದು ಚೊಂಬು ನೀರಿಗೂ ಹಲಗೆ ಸುಂಯ್ ಎಂದು ನಿಟ್ಟುಸಿರು ಬಿಟ್ಟು ತಣ್ಣಗಾಯಿತು. ಅತ್ತ ಕೆಳಬೀದಿಯವರು ಗೆದ್ದೇಬಿಟ್ಟೆವೆಂದು ಗೋದಾಮಿನ ಮೇಲೆ ಕುಣಿಯತೊಡಗಿದ್ದರು. ಹಿಟ್ಟಿನ ಗೋದಾಮಿನ ಮಾಡು! ವರ್ಷಗಟ್ಟಲೆ ಸಂದಿಗೊಂದಿಯಲ್ಲಿ ಕೂತಿದ್ದ ಹಿಟ್ಟಿನ ಧೂಳು ಬೆಳ್ಳಗೆ ಮೇಲೆದ್ದು, ಅವರ ಹಲಗೆಗಳ ಮೇಲೂ ಮಾವನ ಮೀಸೆಯ ಮೇಲೂ ನಿಧಾನವಾಗಿ ಇಳಿಯಿತು.

ಮೂರಕ್ಕೆ ಅಂತರ ಒಂದಾಯಿತು. ನಾಲ್ಕಕ್ಕೆ ಅರ್ಧ. ನಾಲ್ಕೂವರೆಗೆ ಏಣಿ ಮೇಡಂ ಸೀಮೆಸುಣ್ಣ ಮುರಿದುಹೋಗುವಷ್ಟು ಒತ್ತಿ ಬರೆದಳು: ಇಪ್ಪತ್ತೊಂದು ಪಾಯಿಂಟ್ ಎಂಟು, ಇಪ್ಪತ್ತೊಂದು ಪಾಯಿಂಟ್ ಎಂಟು.

ಎರಡೂ ಕಡೆಯವರು ಕಪ್ಪುಹಲಗೆಯತ್ತಲೇ ಬಗ್ಗಿ ನಿಂತರು. ಸಲೂನಿನವನು ಮಾತ್ರ ತಡೆಯಲಾರದೆ ಹಸಿರು ಟವೆಲೊಂದನ್ನು ಉದ್ದನೆಯ ಕೋಲಿಗೆ ಕಟ್ಟಿ ತಾರಸಿಯ ಕಂಬಿಗೆ ಸಿಕ್ಕಿಸಿಬಿಟ್ಟ. "ಗೆಲುವಿನ ಬಾವುಟ ಸಾರ್!"

ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಸೆಕೆಂಡು ಸೋತ ಮೋರೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ. ಕೂದಲೆಳೆಯಂಥ ಸ್ಪ್ರಿಂಗು, ಧೂಳಿನ ಕಣದಂಥ ತಿರುಪು ನೋಡಿ ನೋಡಿ ಸವೆದ ಕಣ್ಣು ಅವನದು. ಕೊನೆಯ ಸಾಲಿನ ಮೇಲೆ ಬೆರಳಗಲದ ಒಂದು ಕಪ್ಪು ಗೆರೆ ಹರಿದಾಡುವುದು ಆ ಕಣ್ಣಿಗೆ ಬಿತ್ತು. ಒಂದು ಹಲಗೆಯ ಮೇಲೆ ನೆರಳು ಬಿದ್ದರೆ ಅದರ ಸಾಲೇ ಮಂಕಾಗುತ್ತದೆ. ಕೈಕೈ ಹಿಡಿದು ಓಡುವವರಲ್ಲಿ ಒಬ್ಬ ಎಡವಿದಂತೆ. ಅವನು ಗೆರೆಯ ಜಾಡು ಹಿಡಿದು ತಲೆಯೆತ್ತಿದ. ಹಸಿರು ಟವೆಲು ಪಟಪಟ ಹೊಡೆದುಕೊಳ್ಳುತ್ತಿತ್ತು.

"ಬಾವುಟ! ಬಾವುಟ ತೆಗೀರಿ!"

"ಬಾವುಟ ಇಳಿಸೋದಾ? ನೋಡಿದ್ರಾ, ಮತ್ತೆ ಮಾವನ ಪಕ್ಷ!" ಎಂದಳು ಬೇಕರಿ ಅಕ್ಕ.

ವಿವರಿಸಲು ಪುರಸೊತ್ತಿರಲಿಲ್ಲ. ಸೆಕೆಂಡು ಹಾರಿದ. ಜೀವಮಾನದಲ್ಲಿ ಕುರ್ಚಿಯಿಂದ ಕುರ್ಚಿಗೆ ಮಾತ್ರ ಸರಿದಿದ್ದವನು ಕೋಲನ್ನು ಕಿತ್ತು, ಅದನ್ನು ತಬ್ಬಿಕೊಂಡು, ನೀರು ನಿಂತ ತಾರಸಿಯ ಮೇಲೆ ಅಂಗಾತ ಬಿದ್ದ. ಅವನನ್ನು ಎಳೆಯಲು ಬಂದ ನಾಲ್ವರು ಜಾರಿ ಅವನ ಮೇಲೆಯೇ ಬಿದ್ದರು. ಎಲ್ಲರೂ ಮಲಗಿದ್ದರಿಂದ ತಾರಸಿಯ ಮೇಲೆ ಒಬ್ಬರದೂ ನೆರಳಿಲ್ಲದೆ, ಹನ್ನೆರಡು ಹಲಗೆಗಳೂ ಕೊನೆಯ ಬಿಸಿಲನ್ನು ಹಾಯಾಗಿ ಕುಡಿದವು.

ಐದು ಗಂಟೆಗೆ ಮೇಡಂ ಗಂಟೆ ಬಾರಿಸಿದಳು. "ಕೆಳಬೀದಿ, ಇಪ್ಪತ್ತೆರಡು ಪಾಯಿಂಟ್ ಎರಡು! ಮೇಲ್ಬೀದಿ..." ನೀರು ಕುಡಿದಳು. "ಇಪ್ಪತ್ತೆರಡು ಪಾಯಿಂಟ್ ಮೂರು!"

ದ್ರೋಹಿಯನ್ನು ಹಿಡಿದಿದ್ದ ಕೈಗಳೇ ವೀರನನ್ನು ಹೆಗಲಿಗೇರಿಸಿದವು. ಮೂರು ಮಹಡಿ ಕೆಳಗಿಳಿಯುವವರೆಗೆ ಸೆಕೆಂಡಿನ ತಲೆ ಎಲ್ಲ ತೊಲೆಗಳಿಗೂ ಬಡಿಯಿತು. ಒಂದೂ ಅವನಿಗೆ ತಿಳಿಯಲಿಲ್ಲ. ಮಾವನೂ ರಸ್ತೆ ದಾಟಿ ಬಂದ, ಅಡಿಯಿಂದ ಮುಡಿಯವರೆಗೆ ಹಿಟ್ಟು. "ಸೋತೆ ಅಳಿಯಂದಿರೇ" ಎಂದು ಕೈಕುಲುಕಿದ.

ಗಾಡಿಯಿಂದ ಬ್ಯಾಟರಿ ಇಳಿಯಿತು. ಬೀರುವಿನಷ್ಟು ಎತ್ತರದ ಬಿಳೀ ಪೆಟ್ಟಿಗೆ. ಮೇಡಂ ಒಂದು ಹಾಳೆ ಬಿಚ್ಚಿದಳು. "ಇದನ್ನ ಎಲ್ಲೆಂದರಲ್ಲಿ ಇಡೋ ಹಾಗಿಲ್ಲ. ನೆಲಮಹಡಿ ಆಗಿರಬೇಕು. ಬಿಸಿಲು ಬೀಳಬಾರದು, ನೀರು ತಾಗಬಾರದು, ಒಲೆ ಇರಬಾರದು, ಯಾರೂ ಮಲಗೋ ಕೋಣೆ ಆಗಿರಬಾರದು. ಸುತ್ತ ಮೂರಡಿ ಖಾಲಿ ಬಿಡಬೇಕು."

"ಸೆಕೆಂಡೇ ಆರಿಸಲಿ!" ಎಂದರು ಹೆಡ್‌ಮಾಸ್ಟ್ರು. "ಇವತ್ತಿನ ದಿನ ಅವನದು."

ಸೆಕೆಂಡು ಎದೆಯುಬ್ಬಿಸಿ ಸೀಮೆಸುಣ್ಣ ತೆಗೆದುಕೊಂಡ. ಇಡೀ ಬೀದಿ ತನ್ನ ಮಾತಿಗೆ ಕಾಯುವುದು ಅವನಿಗೆ ಹೊಸ ರುಚಿ.

"ನಮ್ಮ ಬೇಕರೀಲಿ ಇಡಬಹುದಾ?" ಎಂದಳು ಅಕ್ಕ.

"ಒಲೆ ಪಕ್ಕನಾ? ಬ್ರೆಡ್ ಜೊತೆ ಅದೂ ಉಬ್ಬುತ್ತೆ! ಆಗಲ್ಲ."

"ನನ್ನ ಸಲೂನು?"

"ನೀನು ತಲೆಗೆ ಚಿಮುಕಿಸೋ ನೀರಲ್ಲಿ ಅರ್ಧ ಗೋಡೆಗೇ ಹೋಗುತ್ತೆ. ಆಗಲ್ಲ."

"ನಮ್ಮನೆ ಮುಂದಿನ ಕೋಣೆ?" ಎಂದರು ಹೆಡ್‌ಮಾಸ್ಟ್ರು.

"ಮಧ್ಯಾಹ್ನ ಬಿಸಿಲು, ಬಿಸಿಲಿಳಿದ ಮೇಲೆ ನಿಮ್ಮ ನಿದ್ದೆ. ಆಗಲ್ಲ ಸಾರ್." ಸೆಕೆಂಡಿಗೆ ಈಗ ಆವೇಶ ಬಂದಿತ್ತು. ಕಪ್ಪುಹಲಗೆಯ ಮೇಲೆ ನೆಲಮಹಡಿಯ ಜಾಗಗಳನ್ನೆಲ್ಲ ಬರೆದು ಬರೆದು ಹೊಡೆದುಹಾಕಿದ. "ಇಂಥ ಪೆಟ್ಟಿಗೆ ಇಡೋಕೆ ಎಂಥ ಜಾಗ ಬೇಕು ಗೊತ್ತೇನ್ರಪ್ಪಾ? ಕಟ್ಟಿದ ದಿನದಿಂದ ಒಂದು ಬಿಸಿಲ ಕೋಲು ಒಳಗೆ ಬಿದ್ದಿರಬಾರದು! ಗೋಡೆ ಹಳೇ ಮಡಕೆ ಹಾಗೆ ತಣ್ಣಗಿರಬೇಕು! ಒಂದು ಹನಿ ನೀರಿಲ್ಲ, ಬೆಂಕಿಯಿಲ್ಲ, ಒಂದು ಕಣ ಧೂಳು ಕೂಡ ಇರಬಾರದು! ಅಂದ್ರೆ ಹೇಗೆ? ನನ್ನ ಅಂಗಡಿ ಹಾಗೆ..."

ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಬೀದಿ ಮೆಲ್ಲಗೆ ಮೆಟ್ಟಿಲ ಕೆಳಗಿನ ಕೋಣೆಯತ್ತ ತಿರುಗಿತು. ಮೇಡಂ ಒಳಗೆ ಹೋಗಿ ಟೇಪು ಹಿಡಿದಳು. ಹೊರಗೆ ಬಂದಾಗ ಅವಳ ಮುಖ ಆಗಷ್ಟೇ ಹಚ್ಚಿದ ದೀಪದಂತಿತ್ತು. "ಹೇಳಿ ಮಾಡಿಸಿದ ಹಾಗಿದೆ ಅಣ್ಣಾ! ನಿಮ್ಮ ಮೇಜು ಕುರ್ಚಿ ತೆಗೆದರೆ ಮೂರಡಿ ಸರಿಯಾಗಿ ಸಿಗುತ್ತೆ."

"ಒಂದ್ಸೆಕೆಂಡು! ಒಂದ್ಸೆಕೆಂಡು!" ಎಂದ ಸೆಕೆಂಡು. ಯಾರೂ ಕಾಯಲಿಲ್ಲ. ಮೇಜು ಹೊರಗೆ ಬಂತು, ಪೆಟ್ಟಿಗೆ ಒಳಗೆ ಹೋಯಿತು. "ಇಂಥ ಮನಸ್ಸು ಯಾರಿಗಿದೆ ಹೇಳಿ!" ಎಂದು ಬೇಕರಿ ಅಕ್ಕ ಮೂಗೊರೆಸಿಕೊಂಡಳು. ಹೆಡ್‌ಮಾಸ್ಟ್ರು ಚಪ್ಪಾಳೆಯನ್ನು ಸಾಲಾಗಿ ತಟ್ಟಿಸಿದರು. ಆರೂಕಾಲಿಗೆ ಮೇಡಂ ಗುಂಡಿ ಒತ್ತಿದಳು. ಬೇಕರಿ ಬೆಳಗಿತು, ಸಲೂನು ಬೆಳಗಿತು, ಕಿಟಕಿ ಕಿಟಕಿಗಳೂ ಒಂದೊಂದಾಗಿ ಬೆಳಗಿ ಬೀದಿಯೇ ಬೆಳಕಿನ ಹಾರ ಹಾಕಿಕೊಂಡಿತು. ಜನ ಕುಣಿದರು. ಅರ್ಧ ಗಡ್ಡದವನಿಗೆ ಇನ್ನರ್ಧವೂ ಆಯಿತು.

ಬೀದಿಯ ನಡುವೆ, ಮೇಜಿನ ಮೇಲೆ ಕೈಯಿಟ್ಟು ಸೆಕೆಂಡು ನಿಂತಿದ್ದ. "ಮನೇಲೇ ಅಂಗಡಿ ಇಟ್ಕೊಳ್ಳಲಾ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಮೂರನೇ ಮಹಡಿಗೆ ಯಾರ್ರೀ ಗಡಿಯಾರ ಹೊತ್ಕೊಂಡು ಬರ್ತಾರೆ? ಹತ್ತೋ ಹೊತ್ತಿಗೆ ಅವರ ಎದೆನೇ ರಿಪೇರಿಗೆ ಬಂದಿರುತ್ತೆ."

ಆಗ ಹೆಗಲ ಮೇಲೊಂದು ಹಿಟ್ಟಿನ ಕೈ ಬಿತ್ತು. "ನಮ್ಮ ಅಂಗಡೀಲಿ ಅರ್ಧ ಜಾಗ ಖಾಲಿ ಇದೆ ಅಳಿಯಂದಿರೇ. ಐದು ಗಂಟೆ ಮೇಲೆ ಬೆಳಕೊಂದಿರಲ್ಲ ಅಷ್ಟೇ. ಆದ್ರೆ ಮಾತಾಡೋಕೆ ಬೆಳಕು ಯಾಕೆ?"

ಬೇರೆ ದಾರಿಯಿರಲಿಲ್ಲ. ಮಾವ ಮುಂದೆ, ಅಳಿಯ ಹಿಂದೆ, ನಡುವೆ ಮೇಜು. ಝಗಮಗಿಸುವ ಮೇಲ್ಬೀದಿಯಿಂದ ಗವ್ವೆನ್ನುವ ಕೆಳಬೀದಿಗೆ ಇಳಿದರು. ತಡವರಿಸಿ ತಡವರಿಸಿ ಕೊಡೆಗಳ ನಡುವೆ ಮೇಜನ್ನು ಇಟ್ಟರು. ಆರು ತಿಂಗಳು ತಾನೇ, ಎಂದು ಸೆಕೆಂಡು ಹಲ್ಲು ಕಚ್ಚಿಕೊಂಡ. ಇನ್ನೊಂದು ಬ್ಯಾಟರಿ ಬರುತ್ತದೆ, ಕೆಳಬೀದಿಗೂ ಬೆಳಕು ಬರುತ್ತದೆ, ತನ್ನ ಮೇಜಿನ ಮೇಲೂ ಬೀಳುತ್ತದೆ.

ಬಾಗಿಲಲ್ಲಿ ಟಾರ್ಚು ಮಿನುಗಿತು. ಏಣಿ ಮೇಡಂ ಒಳಗೆ ಇಣುಕಿ, ಗೋಡೆಗೆ ಅಂಗೈ ಒತ್ತಿ ನೋಡಿ, ಕಿವಿಯ ಹಿಂದಿನ ಪೆನ್ಸಿಲು ತೆಗೆದಳು.

"ಅಯ್ಯೋ, ಇದೂ ಎಷ್ಟು ತಂಪಾಗಿದೆ! ಅಣ್ಣಾ, ನಿಮ್ಮ ಮೇಜು ಒಂಚೂರು ಸರಿಸ್ತೀರಾ? ಅಳತೆ ತಗೋಬೇಕು."